ಒಂದೇ ಹೊಲ, ಒಂದೇ ಎಸರು: ಬಸ್ಸಾರು, ಪಲ್ಯ, ಮುದ್ದೆಯ ಊಟ ಮಾಡುವ ಸಮಗ್ರ ಮಾರ್ಗದರ್ಶಿ

ಮಂಡ್ಯ, ರಾಮನಗರ, ಹಾಸನ, ತುಮಕೂರು ಕಡೆಯ ಮನೆಗಳಲ್ಲಿ ಕಾಳು, ಸೊಪ್ಪು ಬೇಯಿಸಿದ ನೀರನ್ನು ಯಾರೂ ಚೆಲ್ಲುವುದಿಲ್ಲ. ಅದಕ್ಕೆ ಕಟ್ಟು ಅನ್ನುತ್ತಾರೆ. ಕಟ್ಟಿಗೆ ಖಾರ ಅರೆದು ಹಾಕಿ ಕುದಿಸಿದರೆ ಬಸ್ಸಾರು. ಬರೀ ಉಪ್ಪು ಹಾಕಿ, ಖಾರವನ್ನು ತಟ್ಟೆಯ ಅಂಚಿಗೆ ಬೇರೆಯಾಗಿ ಬಡಿಸಿದರೆ ಉಪ್ಸಾರು. ಬಸಿದ ಮೇಲೆ ಉಳಿದ ಕಾಳು, ಸೊಪ್ಪಿಗೆ ಒಗ್ಗರಣೆ ಬಿದ್ದರೆ ಪಲ್ಯ. ಪಕ್ಕದ ಒಲೆಯ ಮೇಲೆ ರಾಗಿ ಹಿಟ್ಟು ಬೆಂದರೆ ಊಟ ಮುಗಿಯಿತು. ಈ ಊಟದ ರುಚಿಯೆಲ್ಲ ಕಟ್ಟಿನಿಂದ ಬರುವಂಥದ್ದು. ಕಟ್ಟು ನೀರಾಗಿಬಿಟ್ಟರೆ ಆಮೇಲೆ ಎಂಥ ಖಾರ ಅರೆದರೂ ಸಾರು ಮೇಲೇಳುವುದಿಲ್ಲ.

ಈ ಸಾಮಾನುಗಳು ಅಡುಗೆಮನೆಯಲ್ಲಿ ಒಂದಾಗುವ ಮೊದಲೇ ಹೊಲದಲ್ಲಿ ಒಂದಾಗಿ ಬೆಳೆಯುತ್ತಿದ್ದವು. ಮಳೆ ನಂಬಿದ ರಾಗಿ ಹೊಲದಲ್ಲಿ ನಡುನಡುವೆ ಅಕ್ಕಡಿ ಸಾಲು ಬಿಡುವ ರೂಢಿ ಇತ್ತು, ಈಗಲೂ ಕೆಲವು ಕಡೆ ಇದೆ. ಆ ಸಾಲಿನಲ್ಲಿ ಅವರೆ, ಅಲಸಂದೆ, ತೊಗರಿ, ಹುಚ್ಚೆಳ್ಳು, ಸಾಸಿವೆ. ಕಳೆ ಕೀಳುವ ಹೆಂಗಸರ ಕೈಗೆ ಅಣ್ಣೆ ಸೊಪ್ಪು, ಕೀರೆ, ಗಣಿಕೆ ಸಿಕ್ಕರೆ ಅವು ಕಳೆಯ ರಾಶಿಗೆ ಹೋಗುತ್ತಿರಲಿಲ್ಲ, ಮಡಿಲಿಗೆ ಹೋಗುತ್ತಿದ್ದವು. ನಮ್ಮವ್ವ ಮಧ್ಯಾಹ್ನ ಹೊಲದಿಂದ ಬಂದು ಮಡಿಲು ಬಿಚ್ಚಿ ಮೊರಕ್ಕೆ ಸುರಿದರೆ ಅವತ್ತು ರಾತ್ರಿ ಬೆರಕೆ ಸೊಪ್ಪಿನ ಬಸ್ಸಾರು ಅಂತ ಮನೆಗೆಲ್ಲ ಗೊತ್ತಾಗುತ್ತಿತ್ತು. ಮುದ್ದೆಗೆ ರಾಗಿ, ಸಾರಿಗೆ ಕಾಳು, ಪಲ್ಯಕ್ಕೆ ಸೊಪ್ಪು, ಒಗ್ಗರಣೆಗೆ ಸಾಸಿವೆ, ಎಲ್ಲ ಅದೇ ಹೊಲದ್ದು. ಉಪ್ಪು, ಹುಣಸೆ, ಮೆಣಸಿನಕಾಯಿ ಅಷ್ಟೇ ಹೊರಗಿನಿಂದ ಬರಬೇಕಿತ್ತು.

ಕೆಳಗೆ ಹೇಳಿರುವ ಅಳತೆ ನಾಲ್ಕು ಜನರ ಒಂದು ಹೊತ್ತಿನ ಊಟಕ್ಕೆ. ಲೋಟ ಅಂದರೆ 200 ಮಿಲಿಲೀಟರ್ ಹಿಡಿಯುವ ಲೋಟ, ದೊಡ್ಡ ಚಮಚ 15 ಮಿಲಿಲೀಟರ್, ಚಿಕ್ಕ ಚಮಚ 5 ಮಿಲಿಲೀಟರ್. ಬೇಳೆ ನೆನೆಯುವ ಹೊತ್ತು ಬಿಟ್ಟು ಒಂದೂವರೆ ಗಂಟೆ ಸಾಕು. ಎರಡು ಒಲೆ ಇದ್ದರೆ ಇನ್ನೂ ಬೇಗ.

ಸೊಪ್ಪು, ಕಾಳು ಆರಿಸಿಕೊಳ್ಳುವುದು

ಮೊದಲ ಸಲ ಮಾಡುವವರು ತೊಗರಿಬೇಳೆ, ದಂಟಿನ ಸೊಪ್ಪು, ಸಬ್ಬಸಿಗೆ ಸೊಪ್ಪು ಇಟ್ಟುಕೊಳ್ಳಿ. ಇದು ಎಲ್ಲ ಪೇಟೆಯಲ್ಲೂ ಸಿಗುವ ಜೋಡಿ, ಕೈಕೊಡುವುದೂ ಕಡಿಮೆ. ದಂಟು ಕಟ್ಟಿಗೆ ಮೈ ಕೊಡುತ್ತದೆ, ಸಬ್ಬಸಿಗೆ ಘಮ ಕೊಡುತ್ತದೆ. ಬಿಡಿಸಿದ ಮೇಲೆ ದಂಟು 300 ಗ್ರಾಂ, ಸಬ್ಬಸಿಗೆ 100 ಗ್ರಾಂ ಇರಲಿ. ಸಬ್ಬಸಿಗೆ ಇದಕ್ಕಿಂತ ಹೆಚ್ಚಾದರೆ ಬೇರೆ ಯಾವ ರುಚಿಯೂ ನಾಲಗೆಗೆ ಸಿಗುವುದಿಲ್ಲ. ಮೆಂತ್ಯ ಸೊಪ್ಪನ್ನು ಬಸ್ಸಾರಿಗೆ ಹಾಕಬೇಡಿ, ಅದರ ಕಹಿಯೆಲ್ಲ ಕಟ್ಟಿಗೆ ಇಳಿಯುತ್ತದೆ.

ಎಳೆ ದಂಟನ್ನು ಬಿಸಾಡಬೇಡಿ. ಬೆರಳುದ್ದ ಮುರಿದು ನಾರು ಎಳೆದು ತೆಗೆದರೆ ಎಲೆಗಿಂತ ಅದೇ ರುಚಿ. ಸೊಪ್ಪು ತೊಳೆಯುವಾಗ ಅಗಲ ಪಾತ್ರೆಯಲ್ಲಿ ನೀರು ತುಂಬಿಸಿ ಸೊಪ್ಪನ್ನು ಮುಳುಗಿಸಿ, ಕೈಯಿಂದ ಮೇಲೆತ್ತಿ ಬೇರೆ ಪಾತ್ರೆಗೆ ಹಾಕಿ. ಪಾತ್ರೆ ಬಗ್ಗಿಸಿ ನೀರು ಚೆಲ್ಲಿದರೆ ತಳದಲ್ಲಿ ಕೂತ ಮಣ್ಣು ಮತ್ತೆ ಸೊಪ್ಪಿನ ಮೇಲೆಯೇ ಬೀಳುತ್ತದೆ. ನೀರು ತಿಳಿಯಾಗುವವರೆಗೂ ಹೀಗೆ ಮಾಡಿ. ಕಟ್ಟು ಕುಡಿಯುವ ಸಾರಾದ್ದರಿಂದ ಇಲ್ಲಿ ಉದಾಸೀನ ಮಾಡಿದರೆ ಊಟದಲ್ಲಿ ಮರಳು ಸಿಗುತ್ತದೆ. ಹೆಚ್ಚುವುದೇನಿದ್ದರೂ ತೊಳೆದ ಮೇಲೆ.

ಕೈ ಪಳಗಿದ ಮೇಲೆ ಕಾಳು ಬದಲಾಯಿಸಿ ನೋಡಿ. ಹುರುಳಿಕಾಳಿನ ಕಟ್ಟು ಕಂದು ಬಣ್ಣದ್ದು, ಗಟ್ಟಿ ರುಚಿಯದು. ರಾತ್ರಿಯೆಲ್ಲ ನೆನೆಸಿ, ಸಾಧ್ಯವಾದರೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ. ಅಲಸಂದೆ ಕಾಳಿಗೆ ಎಲೆಕೋಸು ಅಥವಾ ಬೀನ್ಸ್ ಹೊಂದುತ್ತದೆ. ಹೆಸರುಕಾಳಿಗೆ ಯಾವ ಸೊಪ್ಪಾದರೂ ಸರಿ. ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆಕಾಯಿ ಬಂದಾಗ ಮಾತ್ರ ಬೇರೆ ಏನನ್ನೂ ಜೊತೆ ಮಾಡಬೇಡಿ. ಬಿಡಿಸುವಾಗ ಬೆರಳಿಗೆ ಅಂಟುವ ಆ ಸೊಗಡೇ ಸಾರಿನ ಘಮ.

ಬೆರಕೆ ಸೊಪ್ಪಿನ ಬಗ್ಗೆ ಒಂದು ಎಚ್ಚರಿಕೆ. ಹೊಲದ ಸೊಪ್ಪು ಗುರುತಿಸುವವರು ಪಕ್ಕದಲ್ಲಿಲ್ಲದೆ ಫೋಟೊ ನೋಡಿಕೊಂಡು ಕಿತ್ತು ತರಬೇಡಿ. ಮೈಸೂರು, ಮಂಡ್ಯ, ಬೆಂಗಳೂರಿನ ಹಳೆಯ ಮಾರುಕಟ್ಟೆಗಳಲ್ಲಿ ಮಳೆಗಾಲದ ಬೆಳಿಗ್ಗೆ ಹಳ್ಳಿಯ ಹೆಂಗಸರು ಗುಡ್ಡೆ ಹಾಕಿಕೊಂಡು ಕೂತಿರುತ್ತಾರೆ. ಅವರ ಹತ್ತಿರ ಕೊಂಡರೆ ಯಾವುದನ್ನು ಬೇಗ ಬೇಯಿಸಬೇಕು, ಯಾವುದರ ಕಾಂಡ ತೆಗೆಯಬೇಕು ಅನ್ನುವುದನ್ನೂ ಹೇಳಿ ಕಳಿಸುತ್ತಾರೆ.

ಕಟ್ಟು ತೆಗೆಯುವುದು

ತೊಗರಿಬೇಳೆ ಮುಕ್ಕಾಲು ಲೋಟ, ಅಂದರೆ 130 ಗ್ರಾಂ ಆಸುಪಾಸು. ತೊಳೆದು ಅರ್ಧ ಗಂಟೆ ನೆನೆಸಿ. ದಪ್ಪ ತಳದ ಪಾತ್ರೆಯಲ್ಲಿ ಒಂದೂಮುಕ್ಕಾಲು ಲೀಟರ್ ನೀರಿಟ್ಟು, ಕುದಿ ಬಂದ ಮೇಲೆ ಬೇಳೆ ಹಾಕಿ. ಚಿಟಿಕೆ ಅರಿಶಿನ, ಅರ್ಧ ಚಿಕ್ಕ ಚಮಚ ಎಣ್ಣೆ ಬಿಡಿ. ಎಣ್ಣೆ ಬಿದ್ದರೆ ನೊರೆ ಉಕ್ಕುವುದು ಕಡಿಮೆಯಾಗುತ್ತದೆ. ಮುಚ್ಚಳ ಅರೆಬರೆ ಮುಚ್ಚಿ ಮಧ್ಯಮ ಉರಿಯಲ್ಲಿ ಬೇಯಲಿ.

ಕುಕ್ಕರ್ ಬೇಡ ಅನ್ನುವುದಕ್ಕೆ ಕಾರಣವಿದೆ. ಬಸ್ಸಾರಿನ ಬೇಳೆ ಕರಗಬಾರದು, ಬೆರಳಲ್ಲಿ ಒತ್ತಿದರೆ ನಜ್ಜಾಗಬೇಕು, ಆದರೆ ಪಾತ್ರೆಯಲ್ಲಿ ಇಡಿಯಾಗಿ ಕಾಣಬೇಕು. ಕುಕ್ಕರಿನಲ್ಲಿ ಆ ಹದ ಕಣ್ಣಿಗೆ ಕಾಣುವುದಿಲ್ಲ. ಬೇಳೆ ಕರಗಿಬಿಟ್ಟರೆ ಬಸಿಯುವುದಕ್ಕೂ ಬರುವುದಿಲ್ಲ, ಪಲ್ಯವೂ ಆಗುವುದಿಲ್ಲ, ಅದು ಬೇಳೆ, ಸೊಪ್ಪನ್ನು ಮಸೆದು ಮಾಡುವ ಮಸ್ಸೊಪ್ಪಿನ ದಾರಿ ಹಿಡಿಯುತ್ತದೆ. ಹುರುಳಿ, ಅಲಸಂದೆಯಂಥ ಗಟ್ಟಿ ಕಾಳಿಗೆ ಕುಕ್ಕರ್ ಇಟ್ಟರೆ ಅಡ್ಡಿಯಿಲ್ಲ, ಆದರೆ ಸೊಪ್ಪನ್ನು ಅದರೊಳಗೆ ಹಾಕಬೇಡಿ.

ತೆರೆದ ಪಾತ್ರೆಯಲ್ಲಿ ಬೇಳೆ 25 ನಿಮಿಷದ ಹೊತ್ತಿಗೆ ಮುಕ್ಕಾಲು ಪಾಲು ಬೆಂದಿರುತ್ತದೆ. ನಿಮ್ಮೂರಿನ ಬೋರ್‌ವೆಲ್ ನೀರು ಗಡುಸಾಗಿದ್ದರೆ ಇನ್ನಷ್ಟು ಹೊತ್ತು ಹಿಡಿಯುತ್ತದೆ. ಹುಣಸೆಹುಳಿ, ಟೊಮೆಟೊ ಯಾವುದನ್ನೂ ಈಗ ಹಾಕಕೂಡದು, ಹುಳಿ ಬಿದ್ದರೆ ಬೇಳೆ ಬೇಯುವುದು ನಿಂತೇ ಹೋಗುತ್ತದೆ. ಮುಕ್ಕಾಲು ಬೆಂದಾಗ ಮೊದಲು ದಂಟು, ಮೂರು ನಿಮಿಷ ಬಿಟ್ಟು ಎಲೆ, ಕೊನೆಗೆ ಸಬ್ಬಸಿಗೆ, ಒಂದೂವರೆ ಚಿಕ್ಕ ಚಮಚ ಉಪ್ಪು. ಇಲ್ಲಿಂದ ಮುಚ್ಚಳ ತೆಗೆದುಬಿಡಿ, ಮುಚ್ಚಿ ಬೇಯಿಸಿದ ಸೊಪ್ಪು ಹಸಿರು ಕಳೆದುಕೊಂಡು ಮಂಕಾಗುತ್ತದೆ. ಎಲೆ ಹಾಕಿದ ಮೇಲೆ ಆರೇಳು ನಿಮಿಷ ಸಾಕು.

ಈಗ ಬಸಿಯುವುದು. ದೊಡ್ಡ ಪಾತ್ರೆಯ ಮೇಲೆ ತೂತಿನ ಪಾತ್ರೆ ಇಟ್ಟು ಎಲ್ಲವನ್ನೂ ಸುರಿದು ಹತ್ತು ನಿಮಿಷ ಹಾಗೇ ಬಿಡಿ. ಸೌಟಿನಿಂದ ಒತ್ತಿ ಹಿಂಡಬೇಡಿ, ಒತ್ತಿದರೆ ಕಟ್ಟು ಕದಡಿ ಗಂಜಿಯಾಗುತ್ತದೆ. ನಮ್ಮವ್ವ ತಟ್ಟೆಯನ್ನು ಪಾತ್ರೆಯ ಬಾಯಿಗೆ ಓರೆಯಾಗಿ ಹಿಡಿದು, ಸೀರೆಯ ಸೆರಗಿನಲ್ಲಿ ಕಂಠ ಹಿಡಿದು, ಒಂದು ಕಾಳೂ ಜಾರದಂತೆ ಬಸಿಯುತ್ತಿದ್ದಳು. ಆ ಹೊತ್ತಿಗೆ ನಾವು ಮಕ್ಕಳು ಲೋಟ ಹಿಡಿದು ಒಲೆ ಮುಂದೆ ಕೂತಿರುತ್ತಿದ್ದೆವು. ಬಿಸಿ ಕಟ್ಟಿಗೆ ಎರಡು ಹರಳು ಉಪ್ಪು, ಒಂದು ತೊಟ್ಟು ತುಪ್ಪ. ನೆಗಡಿ ಆದವರಿಗೆ, ಹಲ್ಲಿಲ್ಲದ ಅಜ್ಜಿಗೆ, ಬಾಣಂತಿಗೆ ಅದು ಮೊದಲು ಸಲ್ಲುತ್ತಿತ್ತು, ಆಮೇಲೆ ನಮಗೆ. ನೀವೂ ಒಂದು ಲೋಟ ಕಟ್ಟನ್ನು ಖಾರ ಸೇರಿಸುವ ಮೊದಲೇ ಕುಡಿದು ನೋಡಿ. ಬೇಳೆಯ ಸಿಹಿ, ಸೊಪ್ಪಿನ ಘಮ ಎರಡೂ ನಾಲಗೆಗೆ ಗೊತ್ತಾಗಬೇಕು. ತೆಳ್ಳಗಿದೆ ಅನಿಸಿದರೆ ಒಲೆಯ ಮೇಲಿಟ್ಟು ಸ್ವಲ್ಪ ಇಂಗಿಸಿ. ಸುಮಾರು ಒಂದು ಲೀಟರ್ ಕಟ್ಟು ಸಿಕ್ಕರೆ ಸರಿಯಾಗಿದೆ ಎಂದರ್ಥ.

ಖಾರ ಅರೆದು ಸಾರು ಕುದಿಸುವುದು

ಬ್ಯಾಡಗಿ ಮೆಣಸಿನಕಾಯಿ 6, ಗುಂಟೂರು 3. ಮೊದಲನೆಯದು ಬಣ್ಣಕ್ಕೆ, ಎರಡನೆಯದು ಖಾರಕ್ಕೆ. ಧನಿಯ ಒಂದು ದೊಡ್ಡ ಚಮಚ, ಜೀರಿಗೆ ಒಂದು ಚಿಕ್ಕ ಚಮಚ, ಕಾಳುಮೆಣಸು ಅರ್ಧ ಚಿಕ್ಕ ಚಮಚ. ದಪ್ಪ ಈರುಳ್ಳಿ 1, ಬೆಳ್ಳುಳ್ಳಿ ಒಂದು ಗೆಡ್ಡೆ, ಟೊಮೆಟೊ 1, ಕಾಯಿತುರಿ ಮೂರು ದೊಡ್ಡ ಚಮಚ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಒಂದು ಹಿಡಿ ಕೊತ್ತಂಬರಿ ಸೊಪ್ಪು.

ಮೆಣಸಿನಕಾಯಿ, ಧನಿಯ, ಜೀರಿಗೆ, ಮೆಣಸನ್ನು ಸಣ್ಣ ಉರಿಯಲ್ಲಿ ಒಣದಾಗಿ ಹುರಿದು ತೆಗೆದಿಡಿ. ಧನಿಯ ಘಮ ಬಂದ ಕೂಡಲೇ ಇಳಿಸಿ, ಬಣ್ಣ ತಿರುಗುವವರೆಗೆ ಕಾಯಬೇಡಿ. ಅದೇ ಬಾಣಲೆಗೆ ಒಂದು ಚಮಚ ಎಣ್ಣೆ ಬಿಟ್ಟು ಈರುಳ್ಳಿ, ಬೆಳ್ಳುಳ್ಳಿಯನ್ನು ಅಂಚು ಕಂದುವವರೆಗೆ ಬಾಡಿಸಿ, ಟೊಮೆಟೊ ಹಾಕಿ ಮೆತ್ತಗಾಗಿಸಿ. ಸೌದೆ ಒಲೆಯ ಕಾಲದಲ್ಲಿ ಈರುಳ್ಳಿ, ಬೆಳ್ಳುಳ್ಳಿಯನ್ನು ಇಡಿಯಾಗಿ ಕೆಂಡದಲ್ಲಿ ಹೂತಿಟ್ಟು ಸುಡುತ್ತಿದ್ದರು. ಗ್ಯಾಸ್ ಒಲೆಯ ಮೇಲೆ ರೊಟ್ಟಿ ಸುಡುವ ಜಾಲರಿ ಇಟ್ಟು ಸಿಪ್ಪೆ ಸಮೇತ ಸುಟ್ಟರೆ ಆ ರುಚಿಗೆ ಹತ್ತಿರ ಬರುತ್ತದೆ. ಸುಟ್ಟ ಹೊರಸಿಪ್ಪೆ ಬಿಡಿಸಿ ಉಳಿದದ್ದನ್ನು ಅರೆಯಲು ಹಾಕಿ.

ಎಲ್ಲವನ್ನೂ ಮಿಕ್ಸಿಗೆ ಹಾಕುವಾಗ, ಬಸಿದಿಟ್ಟ ಬೇಳೆ-ಸೊಪ್ಪಿನಿಂದ ಒಂದು ಸೌಟು ತೆಗೆದು ಜೊತೆಗೆ ಅರೆಯಿರಿ. ಇದೇ ಸಾರಿಗೆ ಮಂದ ಕೊಡುವುದು. ಇದನ್ನು ಬಿಟ್ಟರೆ ಸಾರು ಒಂದು ಕಡೆ, ಖಾರ ಒಂದು ಕಡೆ ನಿಲ್ಲುತ್ತದೆ. ಅರೆಯಲು ನೀರು ಬೇಕಾದರೆ ಕಟ್ಟನ್ನೇ ಬಳಸಿ. ನುಣ್ಣಗೆ ಅರೆದ ಖಾರವನ್ನು ಕಟ್ಟಿಗೆ ಬೆರೆಸಿ, ಉಪ್ಪು ನೋಡಿ, ಸಣ್ಣ ಉರಿಯಲ್ಲಿ 10ರಿಂದ 12 ನಿಮಿಷ ಕುದಿಸಿ. ಹಸಿ ವಾಸನೆ ಹೋಗಿ ಮೇಲೆ ತೆಳುವಾಗಿ ಎಣ್ಣೆ ಒಡೆದರೆ ಆಯಿತು. ಒಗ್ಗರಣೆಗೆ ಎರಡು ಚಮಚ ಎಣ್ಣೆ, ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು. ಇಂಗು ನಮ್ಮ ಕಡೆ ಹಾಕುವುದಿಲ್ಲ.

ಸಾರಿನ ಪುಡಿ ಮಾಡಿಟ್ಟುಕೊಂಡಿರುವ ಮನೆಗಳಲ್ಲಿ ಹುರಿಯುವ ಕೆಲಸ ತಪ್ಪುತ್ತದೆ, ಎರಡು ದೊಡ್ಡ ಚಮಚ ಪುಡಿ ಸಾಕು. ಆದರೆ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಆ ಒಂದು ಸೌಟು ಸೊಪ್ಪು ಇವನ್ನಂತೂ ಹಸನಾಗಿ ಅರೆದೇ ಹಾಕಿ.

ಪಲ್ಯಕ್ಕೆ ಹೆಚ್ಚು ಹೇಳಬೇಕಾದ್ದಿಲ್ಲ. ಎಣ್ಣೆ, ಸಾಸಿವೆ, ಒಣಮೆಣಸಿನಕಾಯಿ, ಕರಿಬೇವು, ಸಣ್ಣಗೆ ಹೆಚ್ಚಿದ ಈರುಳ್ಳಿ, ಅದರ ಮೇಲೆ ಬಸಿದ ಬೇಳೆ-ಸೊಪ್ಪು. ನೀರಿನಂಶ ಆರುವವರೆಗೆ ಐದು ನಿಮಿಷ ಬಾಡಿಸಿ ಕಾಯಿತುರಿ ಉದುರಿಸಿ. ನಮ್ಮ ಮನೆಯಲ್ಲಿ ಇದರ ಮೇಲೆ ಹುರಿದು ಕುಟ್ಟಿದ ಹುಚ್ಚೆಳ್ಳಿನ ಪುಡಿಯನ್ನೂ ಒಂದು ಚಮಚ ಉದುರಿಸುತ್ತಿದ್ದರು. ಸಿಕ್ಕರೆ ಬಿಡಬೇಡಿ.

ಹಿಟ್ಟು ತೊಳಸುವುದು

ಮುದ್ದೆಗೆ ನಮ್ಮ ಕಡೆ ಹಿಟ್ಟು ಅಂತಲೇ ಹೆಸರು. ಹೊಸಬರು ಹೆದರುವುದು ಇಲ್ಲೇ. ಗಂಟಾಗುತ್ತದೆ, ಕೈ ಸುಡುತ್ತದೆ, ತಳ ಹಿಡಿಯುತ್ತದೆ ಅನ್ನುವ ಭಯ. ರಾಗಿಯ ಸ್ವಭಾವ ತಿಳಿದರೆ ಭಯ ಅರ್ಧ ಹೋಗುತ್ತದೆ. ಗೋಧಿಯಲ್ಲಿರುವ ಅಂಟು ರಾಗಿಯಲ್ಲಿಲ್ಲ, ತಣ್ಣೀರಿನಲ್ಲಿ ಎಷ್ಟು ನಾದಿದರೂ ಅದು ಒಗ್ಗೂಡದು. ಹಿಟ್ಟಿನ ಪಿಷ್ಟ ಕುದಿನೀರು ಕುಡಿದು ಉಬ್ಬಿ ಬೆಂದಾಗ ಮಾತ್ರ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಆದ್ದರಿಂದ ಮುದ್ದೆಯಲ್ಲಿ ತೋಳಿನ ಬಲಕ್ಕಿಂತ ಕಾಯುವ ತಾಳ್ಮೆ ಮುಖ್ಯ. ಬೇಯುವ ಮೊದಲೇ ಕದಡಿದರೆ ಒಣ ಹಿಟ್ಟಿನ ಸುತ್ತ ಬೆಂದ ಪೊರೆ ಕಟ್ಟಿಕೊಂಡು ಗಂಟಾಗುತ್ತದೆ. ಆಮೇಲೆ ಎಷ್ಟು ಹೊತ್ತು ಬೇಯಿಸಿದರೂ ಗಂಟಿನ ಒಳಗೆ ನೀರು ಹೋಗುವುದಿಲ್ಲ.

ಹಿಟ್ಟು ಹೊಸದಾಗಿರಲಿ. ರಾಗಿ ಕಾಳಾಗಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ಹಿಂದೆ ಊರುಗಳಲ್ಲಿ ನೆಲದೊಳಗೆ ಹಗೇವು ತೋಡಿ ರಾಗಿ ತುಂಬಿ ಬಾಯಿ ಮುಚ್ಚಿಡುತ್ತಿದ್ದರು. ಬರಗಾಲಕ್ಕೆ ಅದೇ ಆಸರೆ. ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ, ಉಸಿರುಕಟ್ಟುವ ಗಾಳಿ ಹೋಗಲಿ ಅಂತ ಕಾಯುತ್ತಿದ್ದರು. ಆದರೆ ಅದೇ ರಾಗಿಯನ್ನು ಬೀಸಿ ಹಿಟ್ಟು ಮಾಡಿದರೆ ಕೆಲವು ತಿಂಗಳಲ್ಲಿ ಕಮಟು ವಾಸನೆ ಬರುತ್ತದೆ. ಆದಷ್ಟು ಕಾಳು ಕೊಂಡು, ಕಲ್ಲು ಆರಿಸಿ, ತಿಂಗಳಿಗೆ ಸಾಕಾಗುವಷ್ಟು ಮಾತ್ರ ಮಿಲ್ಲಿಗೆ ಹಾಕಿಸಿ.

ರಾಗಿಯ ಮಾತು ಬಂದಾಗ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ದುಡಿದ ತಳಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರನ್ನು ನೆನೆಯದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಇಲ್ಲಿನ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಅವರು ತೆಗೆದ ಇಂಡಾಫ್ ತಳಿಗಳು ಈ ಸೀಮೆಯ ಒಣ ಹೊಲಗಳ ಇಳುವರಿಯನ್ನೇ ಬದಲಿಸಿದವು. ನಮ್ಮ ತಾತನ ಬಾಯಲ್ಲಿ ‘ಇಂಡಾಪು’ ಅನ್ನುವುದು ಮನೆಯ ಕರುವಿನ ಹೆಸರಿನಷ್ಟೇ ಸಲೀಸಾಗಿ ಬರುತ್ತಿತ್ತು.

ನಾಲ್ಕು ಮುದ್ದೆಗೆ ರಾಗಿ ಹಿಟ್ಟು 300 ಗ್ರಾಂ, ಅಂದರೆ ಸುಮಾರು ಎರಡೂವರೆ ಲೋಟ. ನೀರು 700 ಮಿಲಿಲೀಟರ್, ಅಂದರೆ ಮೂರೂವರೆ ಲೋಟ. ತಳ ದಪ್ಪಗಿರುವ, ಬಾಯಿ ಕಿರಿದಾದ ಪಾತ್ರೆ, ಗಟ್ಟಿ ಮರದ ದೊಣ್ಣೆ ಬೇಕು. ದೊಣ್ಣೆ ಇಲ್ಲದವರು ಚಪಾತಿ ಲಟ್ಟಣಿಗೆಯಲ್ಲಿ ಶುರು ಮಾಡಬಹುದು.

1. ನೀರಿನಲ್ಲಿ ಕಾಲು ಲೋಟ ತೆಗೆದಿಟ್ಟು ಉಳಿದದ್ದನ್ನು ಎಸರಿಗೆ ಇಡಿ. ತೆಗೆದಿಟ್ಟ ತಣ್ಣೀರಿಗೆ ಒಂದು ದೊಡ್ಡ ಚಮಚ ಹಿಟ್ಟು ಕದಡಿ, ಎಸರು ಬಿಸಿಯಾಗುತ್ತಿದ್ದಂತೆ ಹುಯ್ದು ಕೈಯಾಡಿಸಿ. ಎಸರು ತೆಳು ಅಂಬಲಿಯಾಗುತ್ತದೆ, ಮುಂದೆ ಗಂಟು ಕಟ್ಟುವುದನ್ನು ಇದು ಎಷ್ಟೋ ತಡೆಯುತ್ತದೆ. ಉಪ್ಪು ಬೇಕೇಬೇಕೆಂದಿಲ್ಲ.

2. ಎಸರು ಕೊತಕೊತ ಕುದಿಯಬೇಕು. ಅಂಚಿನಲ್ಲಿ ಗುಳ್ಳೆ ಬಂದಿತು ಅಂತ ಅವಸರ ಮಾಡಬೇಡಿ, ನಡುವೆಯೂ ಮಗುಚಬೇಕು.

3. ಉಳಿದ ಹಿಟ್ಟನ್ನೆಲ್ಲ ಒಂದೇ ಸಲಕ್ಕೆ ನಡುವಿಗೆ ಗುಡ್ಡೆಯಾಗಿ ಸುರಿಯಿರಿ. ಕದಡಬೇಡಿ. ದೊಣ್ಣೆಯಿಂದ ಗುಡ್ಡೆಯ ನಡುವೆ ತಳದವರೆಗೆ ಒಂದು ತೂತು ಮಾಡಿ. ಆ ತೂತಿನಿಂದ, ಅಂಚಿನಿಂದ ಎಸರು ಉಕ್ಕಿ ಹಿಟ್ಟಿನ ಮೇಲೆ ಹರಿಯುತ್ತದೆ.

4. ಉರಿ ಸಣ್ಣಗೆ ಮಾಡಿ ಐದಾರು ನಿಮಿಷ ಬಿಡಿ. ಮೇಲಿನ ಒಣ ಹಿಟ್ಟು ತೇವ ಕುಡಿದು ಬಣ್ಣ ಗಾಢವಾಗುವುದು ಕಾಣಿಸುತ್ತದೆ.

5. ಪಾತ್ರೆಯನ್ನು ಬಟ್ಟೆಯಿಂದ ಬಿಗಿಯಾಗಿ ಹಿಡಿದು ತೊಳಸಿ. ಬರೀ ಸುತ್ತ ತಿರುಗಿಸಿದರೆ ಸಾಲದು, ಹಿಟ್ಟನ್ನು ಪಾತ್ರೆಯ ಪಕ್ಕಕ್ಕೆ ಒತ್ತಿ ಒತ್ತಿ ನುರಿಯಬೇಕು. ಗಂಟು ಒಡೆಯುವುದು ಈ ಒತ್ತಡಕ್ಕೆ. ನಿಂತುಕೊಂಡು ಕಷ್ಟವಾದರೆ ಪಾತ್ರೆಯನ್ನು ನೆಲಕ್ಕಿಳಿಸಿ, ಒದ್ದೆ ಗೋಣಿ ಅಥವಾ ದಪ್ಪ ಬಟ್ಟೆಯ ಮೇಲಿಟ್ಟು ಕೂತು ತೊಳಸಿ. ಹಳ್ಳಿಯಲ್ಲಿ ಕವಲೊಡೆದ ಕೋಲನ್ನು ಪಾತ್ರೆಯ ಕಂಠಕ್ಕೆ ಕೊಟ್ಟು ಕಾಲಿನಿಂದ ಒತ್ತಿ ಹಿಡಿಯುತ್ತಾರೆ, ಎರಡು ಕೈಯೂ ದೊಣ್ಣೆಗೆ ಸಿಗುತ್ತದೆ.

6. ಒಗ್ಗೂಡಿದ ಹಿಟ್ಟಿನ ಮೇಲೆ ಎರಡು ಚಮಚ ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ, ಅತಿ ಸಣ್ಣ ಉರಿಯಲ್ಲಿ ಮೂರು ನಿಮಿಷ ಹಬೆಯಲ್ಲಿ ಬಿಡಿ. ಇಳಿಸಿ ಇನ್ನೊಂದು ಸಲ ತೊಳಸಿ.

7. ಒದ್ದೆ ಬೆರಳಿನಿಂದ ಹಿಟ್ಟನ್ನು ಮುಟ್ಟಿ ನೋಡಿ. ಅಂಟದಿದ್ದರೆ ಬೆಂದಿದೆ. ‘ಬೆಂದ ಹಿಟ್ಟು ಕೈಗೆ ಅಂಟಾಕಿಲ್ಲ ಕಣ್ ಮಗ, ಇನ್ನೂ ವಸಿ ಬಿಡು’ ಅನ್ನುತ್ತಿದ್ದಳು ಅವ್ವ. ಅಂಟಿದರೆ ಮತ್ತೆ ಎರಡು ನಿಮಿಷ ಮುಚ್ಚಿಡಿ.

8. ನೀರು ಸವರಿದ ಮಣೆ ಅಥವಾ ತಟ್ಟೆಗೆ ಹಾಕಿ, ಪಕ್ಕದಲ್ಲಿ ತಣ್ಣೀರಿನ ಬಟ್ಟಲಿಟ್ಟುಕೊಂಡು ಕೈ ಅದ್ದಿ ಅದ್ದಿ ಉಂಡೆ ಕಟ್ಟಿ. ಬಿಸಿ ಇರುವಾಗಲೇ ಕಟ್ಟಿದರೆ ಮೈ ನುಣುಪಾಗುತ್ತದೆ, ಆರಿದ ಮೇಲೆ ಬಿರುಕು ಬಿಡುತ್ತದೆ. ಕೈ ತಾಳದವರು ಒದ್ದೆ ಮಾಡಿದ ಬಟ್ಟಲಲ್ಲಿ ಹಾಕಿ ಕುಲುಕಿದರೂ ಉಂಡೆಯಾಗುತ್ತದೆ.

ಮೆತ್ತಗಾದರೆ ಮುಂದಿನ ಸಲ ನೀರು 50 ಮಿಲಿಲೀಟರ್ ಕಡಿಮೆ ಮಾಡಿ, ಗಟ್ಟಿಯಾದರೆ ಅಷ್ಟೇ ಹೆಚ್ಚಿಸಿ. ಒಂದೊಂದು ಮಿಲ್ಲಿನ ಹಿಟ್ಟು ಒಂದೊಂದು ರೀತಿ ನೀರು ಕುಡಿಯುತ್ತದೆ. ಗೇಯುವ ಗಂಡಸರಿಗೆ ಗಟ್ಟಿ ಮುದ್ದೆ, ಮಕ್ಕಳಿಗೂ ಮುದುಕರಿಗೂ ಮೆತ್ತನೆಯದು ಅಂತ ಅವ್ವ ಒಂದೇ ಪಾತ್ರೆಯಲ್ಲಿ ಎರಡು ಹದ ಮಾಡುತ್ತಿದ್ದಳು. ಗಟ್ಟಿಯದನ್ನು ಮೊದಲು ತೆಗೆದು, ಉಳಿದದ್ದಕ್ಕೆ ಬಿಸಿನೀರು ಬಿಟ್ಟು ಮತ್ತೆ ತೊಳಸುವುದು.

ಉಣ್ಣುವುದಕ್ಕೂ ರೀತಿಯಿದೆ. ಬೆರಳಿಗೆ ಸಾರು ಸವರಿಕೊಂಡು ಚಿಕ್ಕ ತುತ್ತು ಮುರಿದು, ಬೆರಳಲ್ಲೇ ಉರುಳಿಸಿ, ಸಾರಿನಲ್ಲಿ ಅದ್ದಿ ನುಂಗಬೇಕು, ಅಗಿಯಬಾರದು. ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಮೊದಲ ಸಲ ತಿನ್ನುವ ಮಕ್ಕಳಿಗೆ ಬಟಾಣಿ ಗಾತ್ರದ ತುತ್ತು ಮಾಡಿಕೊಡಿ.

ಹೊರದೇಶದಲ್ಲಿರುವವರು ಒಂದು ವಿಷಯ ಗಮನಿಸಿ. ಅಲ್ಲಿನ ನುಣುಪು ವಿದ್ಯುತ್ ಒಲೆಯ ಮೇಲೆ ತೊಳಸಿದರೆ ಪಾತ್ರೆ ಜಾರುತ್ತದೆ, ಇಳಿಸಿಕೊಂಡೇ ತೊಳಸಿ. ಅಂಗಡಿಯಲ್ಲಿ ಡಿಲ್ ಅಂತ ಮಾರುವುದು ನಮ್ಮ ಸಬ್ಬಸಿಗೆಯೇ. ದಂಟಿನ ಬದಲು ಪಾಲಕ್ ಆಗುತ್ತದೆ, ಆದರೆ ಮೂರು ನಿಮಿಷಕ್ಕಿಂತ ಹೆಚ್ಚು ಬೇಯಿಸಬೇಡಿ.

ಉಪ್ಸಾರು ಖಾರ

ಕಟ್ಟು ತೆಗೆಯುವವರೆಗೆ ಎಲ್ಲ ಬಸ್ಸಾರಿನದೇ ಕೆಲಸ. ಆಮೇಲೆ ಕಟ್ಟಿಗೆ ಉಪ್ಪು ಸರಿಮಾಡಿ ಬಿಸಿಯಾಗಿಟ್ಟು, ಖಾರವನ್ನು ಬೇರೆ ಅರೆಯುವುದು. ಒಂದೇ ಮನೆಯಲ್ಲಿ ಖಾರ ತಿನ್ನುವವರು, ತಿನ್ನದವರು ಇಬ್ಬರೂ ಇದ್ದರೆ ಇದಕ್ಕಿಂತ ಒಳ್ಳೆಯ ಊಟವಿಲ್ಲ, ಅವರವರ ಖಾರ ಅವರವರ ತಟ್ಟೆಯಲ್ಲಿ.

ಒಣಮೆಣಸಿನಕಾಯಿ 10 (ಬೇಕಾದರೆ ಹಸಿಮೆಣಸಿನಕಾಯಿ 8), ಬೆಳ್ಳುಳ್ಳಿ 12 ಎಸಳು, ಜೀರಿಗೆ ಮತ್ತು ಕಾಳುಮೆಣಸು ಒಂದೊಂದು ಚಿಕ್ಕ ಚಮಚ, ನಿಂಬೆ ಗಾತ್ರದ ಹುಣಸೆ, ಒಂದು ಹಿಡಿ ಕೊತ್ತಂಬರಿ, ಒಂದೂವರೆ ಚಿಕ್ಕ ಚಮಚ ಉಪ್ಪು. ಮೆಣಸಿನಕಾಯಿಯನ್ನು ಒಂದು ಚಮಚ ಎಣ್ಣೆಯಲ್ಲಿ ಗರಿಗರಿಯಾಗಿ ಹುರಿದು, ಬೆಳ್ಳುಳ್ಳಿಯನ್ನು ಅರ್ಧ ಹಸಿ ಅರ್ಧ ಹುರಿದು ಹಾಕಿ. ಹಸಿಯದು ಘಾಟು ಕೊಡುತ್ತದೆ, ಹುರಿದದ್ದು ಸಿಹಿ ಕೊಡುತ್ತದೆ. ಒರಳಿದ್ದರೆ ಒರಳಲ್ಲೇ ಅರೆಯಿರಿ, ಈ ಖಾರ ತರಿಯಾಗಿದ್ದರೆ ಚೆನ್ನ. ಮಿಕ್ಸಿಯಾದರೆ ತಡೆದು ತಡೆದು ತಿರುಗಿಸಿ, ನೀರಿನ ಬದಲು ಬಿಸಿ ಕಟ್ಟನ್ನು ಒಂದೆರಡು ಚಮಚ ಬಿಡಿ. ತಟ್ಟೆಯಲ್ಲಿ ಮುದ್ದೆ, ಸುತ್ತ ಬಿಸಿ ಕಟ್ಟು, ಅಂಚಿಗೆ ಗೋಲಿಯಷ್ಟು ಖಾರ, ಪಕ್ಕದಲ್ಲಿ ಪಲ್ಯ. ಬೇಕಾದಷ್ಟು ಕರಗಿಸಿಕೊಳ್ಳುತ್ತ ಉಣ್ಣಿ.

ಮನೆಯ ಕೈ ಅಳತೆಯನ್ನು ಬರೆದಿಟ್ಟುಕೊಳ್ಳುವುದು

ಮೇಲಿನ ಅಳತೆಗಳು ನಮ್ಮ ಮನೆಯವು. ನಿಮ್ಮ ಅವ್ವನೋ ಅಜ್ಜಿಯೋ ಮಾಡುವುದು ಇದಕ್ಕಿಂತ ಬೇರೆಯಾಗಿರುತ್ತದೆ, ಅದನ್ನು ನೀವೇ ಬರೆದುಕೊಳ್ಳಬೇಕು. ‘ಎಷ್ಟು ಹಾಕಬೇಕು’ ಅಂತ ಕೇಳಿದರೆ ‘ಒಂದು ಹಿಡಿ’, ‘ಕೈಗೆ ಬಂದಷ್ಟು’ ಅನ್ನುತ್ತಾರೆ. ಚಮಚ ಕೊಟ್ಟು ಅಳೆಯಿರಿ ಅಂದರೆ ಅವರ ಕೈ ಕಟ್ಟಿಹೋಗುತ್ತದೆ, ಅವತ್ತಿನ ಅಡುಗೆಯೇ ಬೇರೆಯಾಗುತ್ತದೆ. ಅವರ ಪಾಡಿಗೆ ಅವರು ಮಾಡಲಿ, ಅಳೆಯುವ ಕೆಲಸ ನಿಮ್ಮದಾಗಲಿ.

ಅಡುಗೆಮನೆಯ ಸಣ್ಣ ತಕ್ಕಡಿ ಒಂದು ತನ್ನಿ. ಅಡುಗೆ ಶುರುವಾಗುವ ಮೊದಲು ಉಪ್ಪಿನ ಭರಣಿ, ಸಾರಿನ ಪುಡಿ ಡಬ್ಬಿ, ಹಿಟ್ಟಿನ ಡಬ್ಬಿ, ಎಣ್ಣೆ ಜಾಡಿ ಎಲ್ಲವನ್ನೂ ತೂಗಿ ಬರೆದಿಡಿ. ಅಡುಗೆ ಮುಗಿದ ಮೇಲೆ ಮತ್ತೆ ತೂಗಿ. ಕಡಿಮೆಯಾದಷ್ಟು ಅವರ ಅಳತೆ. ಅವರು ನೀರಿಗೆ ಬಳಸುವ ಚೊಂಬನ್ನು ಖಾಲಿಯಾಗಿ ಒಮ್ಮೆ, ತುಂಬಿಸಿ ಒಮ್ಮೆ ತೂಗಿದರೆ ಎಷ್ಟು ಹಿಡಿಯುತ್ತದೆ ಗೊತ್ತಾಗುತ್ತದೆ, ಒಂದು ಗ್ರಾಂ ನೀರು ಒಂದು ಮಿಲಿಲೀಟರ್. ಹಳೆಯ ಪಾವು, ಸೇರು ಮನೆಯಲ್ಲಿದ್ದರೆ ಅವುಗಳಲ್ಲಿ ರಾಗಿ ಎಷ್ಟು, ಬೇಳೆ ಎಷ್ಟು ಹಿಡಿಯುತ್ತದೆ ಅಂತಲೂ ಬರೆದುಕೊಳ್ಳಿ. ಒಂದೇ ದಿನದ ಅಳತೆ ನಂಬಬೇಡಿ, ಬೇರೆ ಬೇರೆ ದಿನ ತೂಗಿ ನೋಡಿ.

ಕೈಗಿಂತ ಕಣ್ಣು, ಮೂಗು, ಕಿವಿ ಮಾಡುವ ಕೆಲಸ ದೊಡ್ಡದು. ಅವರು ಉರಿ ತಗ್ಗಿಸಿದಾಗಲೆಲ್ಲ ‘ಈಗ್ಯಾಕೆ ತಗ್ಗಿಸಿದೆ?’ ಅಂತ ಕೇಳಿ. ‘ಸದ್ದು ಬದಲಾಯ್ತಲ್ಲ’ ಅಂತಲೋ ‘ಘಮ ಬಂತಲ್ಲ’ ಅಂತಲೋ ಉತ್ತರ ಬರುತ್ತದೆ. ಗಡಿಯಾರದ ಹೊತ್ತಿನ ಪಕ್ಕದಲ್ಲಿ ಆ ಮಾತನ್ನೂ ಅವರ ನುಡಿಯಲ್ಲೇ ಬರೆಯಿರಿ. ಫೋನಿನಲ್ಲಿ ಧ್ವನಿ ಮುದ್ರಿಸಿಕೊಂಡರೆ ಇನ್ನೂ ಒಳ್ಳೆಯದು. ಸೊಪ್ಪಿನ ಹೆಸರು ಊರಿಂದೂರಿಗೆ ಬದಲಾಗುವುದರಿಂದ ಹೆಸರಿನ ಜೊತೆ ಎಲೆ, ಕಾಂಡ, ಹೂವಿನ ಫೋಟೊ ಇಟ್ಟುಕೊಳ್ಳಿ.

ಅಡುಗೆಯ ಹಿಂದಿನ ಮಾತು ಕೇಳಲು ಸೊಪ್ಪು ಬಿಡಿಸುವ ಹೊತ್ತಿಗಿಂತ ಒಳ್ಳೆಯ ಹೊತ್ತಿಲ್ಲ. ಕೈಗೆ ಕೆಲಸವಿರುತ್ತದೆ, ಬಾಯಿಗೆ ಬಿಡುವಿರುತ್ತದೆ. ‘ನಿಮ್ಮ ಬಾಲ್ಯ ಹೇಗಿತ್ತು’ ಅಂತ ಕೇಳಿದರೆ ‘ಏನಿತ್ತು, ಕಷ್ಟ ಇತ್ತು’ ಅಂತ ಮುಗಿಸುತ್ತಾರೆ. ಚಿಕ್ಕ ಪ್ರಶ್ನೆ ಕೇಳಿ. ಮದುವೆಯಾಗಿ ಬಂದಾಗ ಈ ಮನೆಯ ಸಾರು ತವರಿನ ಸಾರಿಗಿಂತ ಹೇಗೆ ಬೇರೆಯಿತ್ತು? ಮೊದಲ ಸಲ ಹಿಟ್ಟು ತೊಳಸಲು ಕೊಟ್ಟವರು ಯಾರು? ಮಳೆ ಕೈಕೊಟ್ಟ ವರ್ಷ ಯಾವ ಕಾಳು ಹಾಕುತ್ತಿದ್ದಿರಿ? ನಮ್ಮವ್ವನಿಗೆ ತವರಿನ ಪ್ರಶ್ನೆ ಹಾಕಿದ್ದಕ್ಕೇ ಗೊತ್ತಾಯಿತು: ಖಾರಕ್ಕೆ ಒಂದು ಸೌಟು ಸೊಪ್ಪು ಸೇರಿಸಿ ಅರೆಯುವುದು ಅವಳ ತವರಿನ ರೂಢಿ, ಕಾಳುಮೆಣಸು ಹಾಕುವುದು ಅತ್ತೆಯಿಂದ ಬಂದದ್ದು. ನಾವು ಹುಟ್ಟಿದಾಗಿನಿಂದ ಉಂಡ ಸಾರಿನಲ್ಲಿ ಎರಡು ಊರು ಕೂಡಿದ್ದವು. ಬರೆದಿಡುವಾಗ ಪ್ರತಿ ಸಾಮಾನಿನ ಎದುರು ಅದು ಯಾರ ಕಡೆಯಿಂದ ಬಂತು ಅಂತಲೂ ಒಂದು ಸಾಲು ಬರೆದುಬಿಡಿ.

ಮಿಕ್ಕಿದ್ದನ್ನು ಇಟ್ಟುಕೊಳ್ಳುವುದು

ಬಸ್ಸಾರು ಮಾರನೆಯ ದಿನ ಇನ್ನೂ ರುಚಿ. ಆರಿದ ಮೇಲೆ ಫ್ರಿಡ್ಜಿನಲ್ಲಿಟ್ಟು, ಬೇಕಾದಷ್ಟನ್ನೇ ತೆಗೆದು ಚೆನ್ನಾಗಿ ಕುದಿ ಬರುವಂತೆ ಕಾಯಿಸಿ. ಕಾಯಿ ಅರೆದು ಹಾಕಿರುವುದರಿಂದ ಬೇಸಿಗೆಯಲ್ಲಿ ಹೊರಗಿಟ್ಟರೆ ಬೇಗ ಹಳಸುತ್ತದೆ. ಎರಡು ದಿನದೊಳಗೆ ಮುಗಿಸಿ. ಉಪ್ಸಾರು ಖಾರವನ್ನು ಒಣಗಿದ ಗಾಜಿನ ಸೀಸೆಗೆ ತುಂಬಿ ಮೇಲೆ ಒಂದು ಚಮಚ ಎಣ್ಣೆ ಬಿಟ್ಟು ಫ್ರಿಡ್ಜಿನಲ್ಲಿಟ್ಟರೆ ನಾಲ್ಕೈದು ದಿನ ಬಾಳುತ್ತದೆ, ಒದ್ದೆ ಚಮಚ ಹಾಕಬೇಡಿ. ಮಿಕ್ಕ ಮುದ್ದೆಯನ್ನು ರಾತ್ರಿಯೇ ತಣ್ಣೀರಿನಲ್ಲಿ ಮುಳುಗಿಸಿಡಿ. ಬೆಳಿಗ್ಗೆ ನೀರು ಬಸಿದು, ಕೈಯಲ್ಲಿ ಕಿವುಚಿ, ಮಜ್ಜಿಗೆ, ಉಪ್ಪು, ಹೆಚ್ಚಿದ ಹಸಿ ಈರುಳ್ಳಿ ಹಾಕಿ ಕಲಸಿ ಕುಡಿಯಿರಿ. ನಂಚಿಕೊಳ್ಳಲು ಹಿಂದಿನ ದಿನದ ಉಪ್ಸಾರು ಖಾರ ಒಂದು ಬೆರಳಿನಷ್ಟು ಸಾಕು.